ತಾಮ್ರದ ಬಿಲ್ಲೆ, ಒಂದು ಟೀ ಕಪ್ಪು

ಅಪ್ಪನ ಜೊತೆ ಕೂತು ಪೊಲೀಸ್ ಧಾರಾವಾಹಿ ನೋಡುವುದಕ್ಕೆ ತಾಳ್ಮೆ ಬೇಕು. ಅವರು 31 ವರ್ಷ ಖಾಕಿ ಹಾಕಿದವರು. ಕಾನ್‌ಸ್ಟೇಬಲ್ ಆಗಿ ಸೇರಿ ದಫೇದಾರ್ ಆಗಿ ನಿವೃತ್ತರಾದರು. ಟೀವಿಯಲ್ಲಿ ಹೀರೋ ಬಾಗಿಲು ಒದ್ದು ಒಳಗೆ ನುಗ್ಗಿದರೆ ಇವರು ಚಹಾ ಲೋಟ ಕೆಳಗಿಟ್ಟು, "ಸ್ಟೇಷನ್ ಡೈರಿಯಾಗ ಬರದು ಬಂದಾನೇನು ಇವ?" ಅನ್ನುತ್ತಾರೆ. ಹೆಣದ ಹತ್ತಿರ ನಾಲ್ಕು ಜನ ನಿಂತಿದ್ದರೆ, "ಪಂಚನಾಮೆ ಯಾರು ಮಾಡಾವ್ರು?" ಅಲ್ಲಿಗೆ ಕತೆಯ ಬಿಸಿ ಆರಿತು.

ಹೋದ ಮಳೆಗಾಲದಲ್ಲಿ ಅವರಿಗೆ ಮಂಡಿ ನೋವು ಜಾಸ್ತಿಯಾಗಿ ಸಂಜೆಯ ವಾಕಿಂಗ್ ನಿಂತಿತು. ಹೊತ್ತು ಹೋಗಬೇಕಲ್ಲ. ಹಾಗಾಗಿ ನಾವಿಬ್ಬರೂ 'ಕಾಪರ್' ನೋಡಲು ಶುರು ಮಾಡಿದೆವು. 2012 ಮತ್ತು 2013ರಲ್ಲಿ ಬಂದ ಅಮೆರಿಕದ ಧಾರಾವಾಹಿ. ಎರಡು ಸೀಸನ್, ಒಟ್ಟು 23 ಕಂತು, ಆಮೇಲೆ ನಿಂತೇ ಹೋಯಿತು. ನಾನು ಆಗಾಗ ನಿಲ್ಲಿಸಿ ಕನ್ನಡದಲ್ಲಿ ಹೇಳಬೇಕಿತ್ತು. ಹೀಗೆ ನಿಲ್ಲಿಸಿ ನಿಲ್ಲಿಸಿ ನೋಡಿದ್ದರಿಂದಲೇ ಏನೋ, ಒಬ್ಬನೇ ನೋಡಿದ್ದರೆ ಕಣ್ಣಿಗೆ ಬೀಳದ ಕೆಲವು ಸಂಗತಿಗಳು ಕಂಡವು.

ಕತೆ ನಡೆಯುವುದು 1864ರ ನ್ಯೂಯಾರ್ಕಿನ ಫೈವ್ ಪಾಯಿಂಟ್ಸ್ ಅನ್ನುವ ಬಡವರ ಕೇರಿಯಲ್ಲಿ. ಬೀದಿಗಳು ಸೇರುವ ಕಡೆ ಐದು ಮೂಲೆ ಆಗುತ್ತಿದ್ದವು, ಅದಕ್ಕೆ ಆ ಹೆಸರು. ಅಮೆರಿಕದ ಅಂತರ್ಯುದ್ಧ ಇನ್ನೂ ಮುಗಿದಿಲ್ಲ. ಕೆವಿನ್ ಕಾರ್ಕೊರನ್ ಅನ್ನುವ ಐರಿಶ್ ಪತ್ತೇದಾರ ಯುದ್ಧದಿಂದ ವಾಪಸ್ ಬರುವಷ್ಟರಲ್ಲಿ ಮಗಳು ಸತ್ತಿದ್ದಾಳೆ, ಹೆಂಡತಿ ಎಲ್ಲಿ ಹೋದಳೋ ಗೊತ್ತಿಲ್ಲ. ಅವನು ಹುಡುಕುತ್ತಾನೆ, ಕುಡಿಯುತ್ತಾನೆ, ಹೊಡೆಯುತ್ತಾನೆ. ಮೊದಲ ಕಂತಿನಲ್ಲೇ ಒಂದು ಪುಟ್ಟ ಹುಡುಗಿಯ ಕೊಲೆ. ಜಾಡು ಹಿಡಿದು ಹೊರಟರೆ ಅದು ಕೆಸರಿನ ಓಣಿ ಬಿಟ್ಟು ಊರಿನ ಮೇಲ್ಭಾಗದ ಬಂಗಲೆಗೆ ಹೋಗಿ ನಿಲ್ಲುತ್ತದೆ. ಅಲ್ಲಿ ಇವನ ಬಿಲ್ಲೆ ನಡೆಯುವುದಿಲ್ಲ.

ಬಿಲ್ಲೆ ಅಂದೆನಲ್ಲ, ಧಾರಾವಾಹಿಯ ಹೆಸರಿನಲ್ಲೇ ಅದಿದೆ. ನ್ಯೂಯಾರ್ಕಿನಲ್ಲಿ 1845ರಲ್ಲಿ ಸಂಬಳದ ಪೊಲೀಸ್ ಪಡೆ ಶುರುವಾದಾಗ ಅವರಿಗೆ ಸಮವಸ್ತ್ರ ಇರಲಿಲ್ಲ. ಮಾಮೂಲಿ ಕೋಟಿನ ಎದೆಗೆ ತಾಮ್ರದ ಒಂದು ನಕ್ಷತ್ರ, ಅಷ್ಟೇ. ಇಂಗ್ಲಿಷಿನಲ್ಲಿ ಕಾಪರ್ ಅಂದರೆ ತಾಮ್ರ. ಪೊಲೀಸಿನವನಿಗೆ 'ಕಾಪರ್', 'ಕಾಪ್' ಅನ್ನುವ ಮಾತು ಅದರಿಂದಲೇ ಬಂತು ಅಂತ ಬಹಳ ಜನ ಹೇಳುತ್ತಾರೆ. ಹಿಡಿಯುವುದಕ್ಕೆ ಇಂಗ್ಲಿಷಿನಲ್ಲಿ 'ಕಾಪ್' ಅನ್ನುವ ಹಳೇ ಕ್ರಿಯಾಪದ ಇತ್ತು, ಹಿಡಿಯುವವನು ಕಾಪರ್ ಆದ ಅನ್ನುವುದೇ ಹೆಚ್ಚು ಸರಿ. ಆದರೆ ತಾಮ್ರದ ಕತೆ ಚೆನ್ನಾಗಿದೆ, ಅದನ್ನು ಯಾರು ಬಿಡುತ್ತಾರೆ?

ಅಪ್ಪನಿಗೆ ನಂಬಲು ಆಗದ ಸಂಗತಿ ಅಂದರೆ ಆ ಪೊಲೀಸರು ಸಮವಸ್ತ್ರ ಬೇಡ ಅಂತ ಜಗಳ ಆಡಿದ್ದು. ಸಮವಸ್ತ್ರ ಹಾಕಿದರೆ ಸಾಹುಕಾರರ ಮನೆ ಆಳುಗಳ ಹಾಗೆ ಕಾಣುತ್ತೇವೆ, ನಾವು ಸ್ವತಂತ್ರ ದೇಶದವರು ಅನ್ನುವುದು ಅವರ ವಾದ. 1853ರಲ್ಲಿ ಕಡ್ಡಾಯ ಮಾಡಬೇಕಾಯಿತು. ಅಪ್ಪ ತಮ್ಮ ಬಟ್ಟೆಗೆ ತಾವೇ ಗಂಜಿ ಹಾಕಿ ಇಸ್ತ್ರಿ ಮಾಡುತ್ತಿದ್ದವರು. ಅಮ್ಮನಿಗೂ ಮುಟ್ಟಲು ಬಿಡುತ್ತಿರಲಿಲ್ಲ. "ಬಟ್ಟಿ ಇಲ್ಲಂದ್ರ ಯಾರು ಹೆದರ್ತಾರಪಾ" ಅಂದರು.

ಆ ಕಾಲದ ಪೊಲೀಸ್ ಕೆಲಸ ರಾಜಕೀಯದವರ ಕೃಪೆ. ವಾರ್ಡಿನ ಸದಸ್ಯ ಹೆಸರು ಹೇಳಬೇಕು, ಆಗ ಕೆಲಸ. ಮೊದಲಿಗೆ ಒಂದು ವರ್ಷದ ನೇಮಕ, ಆಮೇಲೆ ಎರಡು, ಆಮೇಲೆ ನಾಲ್ಕು. ಪಾರ್ಟಿ ಸೋತರೆ ಬಿಲ್ಲೆಯೂ ಹೋಯಿತು. ಆದರೆ ಇದರಲ್ಲಿ ಒಂದು ಒಳ್ಳೆಯದೂ ಇತ್ತು. ಪೊಲೀಸಿನವನು ಅದೇ ವಾರ್ಡಿನಲ್ಲಿ ವಾಸ ಮಾಡಬೇಕಿತ್ತು. ಹಾಗಾಗಿ ಐರಿಶರ ಕೇರಿಗೆ ಐರಿಶ್ ಪೊಲೀಸ್ ಬಂದ. 1845ರಿಂದ ಐರ್ಲೆಂಡಿನಲ್ಲಿ ಆಲೂಗಡ್ಡೆಗೆ ರೋಗ ಬಿದ್ದು, ಹತ್ತು ಲಕ್ಷ ಜನ ಸತ್ತು, ಅದಕ್ಕಿಂತ ಜಾಸ್ತಿ ಜನ ಹಡಗು ಹತ್ತಿದ್ದರು. ಹತ್ತೇ ವರ್ಷದಲ್ಲಿ, ಅಂದರೆ 1855ರ ಹೊತ್ತಿಗೆ, ನ್ಯೂಯಾರ್ಕ್ ಪೊಲೀಸರಲ್ಲಿ ಕಾಲು ಭಾಗಕ್ಕಿಂತ ಹೆಚ್ಚು ಐರ್ಲೆಂಡಿನಲ್ಲಿ ಹುಟ್ಟಿದವರು.

1857ರ ಬೇಸಿಗೆಯಂತೂ ತಮಾಷೆ. ಮೇಯರ್ ಫರ್ನಾಂಡೋ ವುಡ್‌ನ ಪೊಲೀಸರು ಭ್ರಷ್ಟರು ಅಂತ ರಾಜ್ಯ ಸರ್ಕಾರ ಬೇರೆ ಪೊಲೀಸ್ ಪಡೆ ಕಟ್ಟಿತು. ಮೇಯರ್ ತನ್ನದನ್ನು ಬಿಡಲಿಲ್ಲ. ಒಂದೇ ಊರಿಗೆ ಎರಡು ಪೊಲೀಸ್! ಒಬ್ಬರು ಕಳ್ಳನನ್ನು ಹಿಡಿದರೆ ಇನ್ನೊಬ್ಬರು ಬಿಡಿಸುತ್ತಿದ್ದರು. ಜೂನ್ 16ಕ್ಕೆ ಮೇಯರನ್ನೇ ಬಂಧಿಸಲು ಹೋಗಿ, ಸಿಟಿ ಹಾಲ್ ಮೆಟ್ಟಿಲ ಮೇಲೆ ಪೊಲೀಸರು ಪೊಲೀಸರಿಗೇ ಲಾಠಿಯಲ್ಲಿ ಬಾರಿಸಿದರು. ದಾರಿಯಲ್ಲಿ ಹೋಗುತ್ತಿದ್ದ ಸೈನಿಕರ ತುಕಡಿ ಬಂದು ಬಿಡಿಸಬೇಕಾಯಿತು. ಇದನ್ನು ಹೇಳಿದಾಗ ಅಪ್ಪ ನಕ್ಕ ನಗುವಿಗೆ ಪಕ್ಕದ ಮನೆಯವರು ಇಣುಕಿ ನೋಡಿದರು.

ಅಪ್ಪನಿಗೆ ಕಾರ್ಕೊರನ್ ಯಾಕೆ ಹತ್ತಿರ ಅನ್ನಿಸಿದ ಅನ್ನುವುದು ನನಗೆ ಗೊತ್ತು. ಅವರೂ ಹಸಿವಿನಿಂದ ಊರು ಬಿಟ್ಟವರೇ. 1972ರ ಬರಗಾಲದಲ್ಲಿ ಬಿಜಾಪುರದ ಕಡೆಯಿಂದ ಕೆಲಸ ಹುಡುಕಿಕೊಂಡು ಹಳೇ ಮೈಸೂರಿನ ಒಂದು ಊರಿಗೆ ಬಂದರು. ಮೊದಲು ಹಮಾಲಿ, ಆಮೇಲೆ ಪೊಲೀಸ್ ಕೆಲಸ ಸಿಕ್ಕಿತು. ಠಾಣೆಯಲ್ಲಿ ಅವರ ಮಾತು ಕೇಳಿ ನಗುತ್ತಿದ್ದರಂತೆ. ಆದರೆ ಊರಾಚೆ ಶೆಡ್ಡು ಹಾಕಿಕೊಂಡಿದ್ದ, ಕಲ್ಲು ಒಡೆಯುವ, ಮಣ್ಣು ಹೊರುವ ವಲಸೆಯವರ ಕೇರಿಗೆ ಯಾವಾಗಲೂ ಇವರನ್ನೇ ಹಾಕುತ್ತಿದ್ದರು. "ನಿಮ್ಮ ಕಡೆಯೋರು, ನೀವೇ ನೋಡ್ಕೊಳ್ಳಿ" ಅಂತ. ಅಲ್ಲಿದ್ದವರಲ್ಲಿ ಅರ್ಧ ಜನ ಕನ್ನಡದವರೇ ಅಲ್ಲ! ಹೊರಗಿನವರು ಅಂದಮೇಲೆ ಎಲ್ಲ ಒಂದೇ ಕಡೆಯವರು.

ಧಾರಾವಾಹಿಯಲ್ಲಿ ನನಗೆ ತುಂಬ ಹಿಡಿಸಿದ ಪಾತ್ರ ಕಾರ್ಕೊರನ್ ಅಲ್ಲ. ಮ್ಯಾಥ್ಯೂ ಫ್ರೀಮನ್ ಅನ್ನುವ ಕಪ್ಪು ವೈದ್ಯ. ಆಟೋ ಎಸಾಂಡೋ ಅನ್ನುವ ನಟ ಮಾಡಿದ್ದಾರೆ. ಯುದ್ಧದಲ್ಲಿ ಸಾಹುಕಾರನ ಮಗನೊಬ್ಬನ ಸೇವಕನಾಗಿದ್ದವನು. ಅಲ್ಲಿ ಅವನ ಕಾಲು ಕತ್ತರಿಸಿ ಜೀವ ಉಳಿಸಿದವನೂ ಇವನೇ. ಈಗ ಕಾರ್ಕೊರನ್ ಕದ್ದು ಮುಚ್ಚಿ ಹೆಣಗಳನ್ನು ಇವನ ಹತ್ತಿರ ತರುತ್ತಾನೆ. ಇವನು ಗಾಯ ನೋಡುತ್ತಾನೆ, ಉಗುರಿನ ಸಂದಿ ಕೆರೆದು ಭೂತಗನ್ನಡಿ ಹಿಡಿಯುತ್ತಾನೆ, ಉತ್ತರ ಹೇಳುತ್ತಾನೆ. ಪತ್ತೆ ಮಾಡಿದ ಹೆಸರು ಮಾತ್ರ ಕಾರ್ಕೊರನ್‌ಗೆ.

ಮೂರನೇ ಕಂತೋ ನಾಲ್ಕನೇ ಕಂತೋ ಇರಬೇಕು, ಅಪ್ಪ ಕೇಳಿದರು. "ತಮ್ಮಾ, ಈ ಡಾಕ್ಟರ್‌ನ ಹೆಸರು ಕೋರ್ಟಿನ್ಯಾಗ ಬರಂಗಿಲ್ಲೇನು?"

ಬರಲ್ಲ ಅಪ್ಪ ಅಂದೆ.

"ರಿಪೋರ್ಟಿನ್ಯಾಗರ?"

ಅದರಲ್ಲೂ ಇಲ್ಲ.

ಅವರು ಸುಮ್ಮನಾದರು. ಆಮೇಲೆ ಪ್ರತಿ ಕಂತಿನಲ್ಲೂ ಡಾಕ್ಟರ್ ಬಂದಾಗಲೆಲ್ಲ ನೆಟ್ಟಗೆ ಕೂರುತ್ತಿದ್ದರು.

ಫ್ರೀಮನ್ ಕಲ್ಪನೆಯ ಪಾತ್ರ. ಆದರೆ ಅಂಥ ಒಬ್ಬರು ಆ ಊರಿನಲ್ಲಿ ನಿಜವಾಗಿ ಇದ್ದರು. ಜೇಮ್ಸ್ ಮೆಕ್ಯೂನ್ ಸ್ಮಿತ್. ಗುಲಾಮರಾಗಿ ಹುಟ್ಟಿದವರು. ಅಮೆರಿಕದ ಕಾಲೇಜುಗಳು ಬಣ್ಣ ನೋಡಿ ಸೇರಿಸಿಕೊಳ್ಳಲಿಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋಗೆ ಹೋಗಿ 1837ರಲ್ಲಿ ವೈದ್ಯ ಪದವಿ ತಂದರು. ನ್ಯೂಯಾರ್ಕಿನಲ್ಲಿ ಔಷಧಿ ಅಂಗಡಿ ಇಟ್ಟರು, ಎಲ್ಲ ಬಣ್ಣದವರಿಗೂ ಮದ್ದು ಕೊಟ್ಟರು. ಫಿಫ್ತ್ ಅವೆನ್ಯೂದ ಕಪ್ಪು ಮಕ್ಕಳ ಅನಾಥಾಲಯಕ್ಕೆ ಎಷ್ಟೋ ವರ್ಷ ವೈದ್ಯರಾಗಿದ್ದರು.

ಆ ಅನಾಥಾಲಯಕ್ಕೆ 1863ರ ಜುಲೈ 13ರಂದು ಬೆಂಕಿ ಇಟ್ಟರು. ಸರ್ಕಾರ ಚೀಟಿ ಎತ್ತಿ ಸೈನ್ಯಕ್ಕೆ ಜನ ಸೇರಿಸುತ್ತಿತ್ತು. 300 ಡಾಲರ್ ಕಟ್ಟಿದರೆ ತಪ್ಪಿಸಿಕೊಳ್ಳಬಹುದು. ಕೂಲಿಯವನಿಗೆ ಅದು ಹತ್ತಿರ ಹತ್ತಿರ ವರ್ಷದ ದುಡಿಮೆ. ಶನಿವಾರ ಚೀಟಿ ಎತ್ತಿದರು, ಭಾನುವಾರ ಪೇಪರಿನಲ್ಲಿ ಹೆಸರು ಬಂದವು, ಸೋಮವಾರ ಊರು ಹೊತ್ತಿಕೊಂಡಿತು. ಮೊದಲು ಚೀಟಿ ಎತ್ತುವ ಕಚೇರಿ. ಆಮೇಲೆ ಸಿಟ್ಟು ತಿರುಗಿದ್ದು ಕಪ್ಪು ಜನರ ಮೇಲೆ, ಬಂದರಿನ ಕೂಲಿಗೆ ತಮ್ಮ ಜೊತೆ ಪೈಪೋಟಿಗೆ ನಿಂತವರ ಮೇಲೆ. ದೀಪದ ಕಂಬಗಳಿಗೆ ನೇತು ಹಾಕಿದರು. ಅನಾಥಾಲಯದ 233 ಮಕ್ಕಳನ್ನು ಹಿಂಬಾಗಿಲಿನಿಂದ ಹೊರಗೆ ಕಳಿಸಿದ್ದರಿಂದ ಅವು ಬದುಕಿದವು. ನಾಲ್ಕು ದಿನದಲ್ಲಿ ಸತ್ತವರ ಲೆಕ್ಕ ಸುಮಾರು 120. ಗಲಾಟೆ ಮಾಡಿದವರಲ್ಲಿ ಐರಿಶರೇ ಜಾಸ್ತಿ. ಅವರನ್ನು ಎದುರಿಸಿ ನಿಂತ ಪೊಲೀಸರಲ್ಲೂ ಐರಿಶರು ಬೇಕಾದಷ್ಟು. ಡಾಕ್ಟರ್ ಸ್ಮಿತ್ ಮನೆ ಬಿಟ್ಟು ನದಿ ದಾಟಿ ಬ್ರೂಕ್ಲಿನ್ ಕಡೆಗೆ ಹೋದರು. ಧಾರಾವಾಹಿಯ ಫ್ರೀಮನ್ ಕೂಡ ಹೆಂಡತಿಯನ್ನು ಕರೆದುಕೊಂಡು ಊರಿನ ಉತ್ತರಕ್ಕೆ ಹೋಗುತ್ತಾನೆ. ಆ ಗಲಭೆಯಲ್ಲಿ ಅವಳ ಅಣ್ಣತಮ್ಮಂದಿರನ್ನು ಕೊಂದಿದ್ದಾರೆ. ಅವಳು ಕಿಟಕಿಯಿಂದ ಬೀದಿ ನೋಡುವ ರೀತಿಯಲ್ಲೇ ಅದು ಕಾಣುತ್ತದೆ.

ಇಷ್ಟು ಹೊಗಳಿದ ಮೇಲೆ ತಕರಾರು. ಎರಡನೇ ಸೀಸನ್ ಸಪ್ಪೆ. ಹೆಂಡತಿ ಸಿಕ್ಕ ಮೇಲಿನ ಗೋಳು, ಬಂಗಲೆಯವರ ಅಫೀಮು, ಇವೆಲ್ಲ ಎಳೆದಾಟ. ಅದನ್ನು ಬಿಡಿ. ನನ್ನ ನಿಜವಾದ ತಕರಾರು ಆ ಕತ್ತಲಿನ ಬಗ್ಗೆ.

'ಕಾಪರ್' ಬಗ್ಗೆ ಯಾರು ಬರೆದರೂ "ಇದ್ದದ್ದನ್ನು ಇದ್ದ ಹಾಗೆ ತೋರಿಸಿದ್ದಾರೆ" ಅನ್ನುತ್ತಾರೆ. ಕೆಸರು, ಕುದುರೆ ಲದ್ದಿ, ರಕ್ತ, ಈವಾ ನಡೆಸುವ ವೇಶ್ಯಾಗೃಹ, ಸಣ್ಣ ಮಕ್ಕಳ ಮಾರಾಟ. ಟೊರಾಂಟೋದಲ್ಲಿ ಸೆಟ್ ಹಾಕಿ ಬಹಳ ಶ್ರದ್ಧೆಯಿಂದ ಗಲೀಜು ಮಾಡಿದ್ದಾರೆ. ಫೈವ್ ಪಾಯಿಂಟ್ಸ್ ಗಲೀಜಾಗಿತ್ತು, ನಿಜ. ಅಲ್ಲಿ ಮೊದಲು ಒಂದು ಕೆರೆ ಇತ್ತು, ಊರಿಗೆಲ್ಲ ಕುಡಿಯುವ ನೀರು ಕೊಡುತ್ತಿತ್ತು. ಚರ್ಮ ಹದ ಮಾಡುವವರು, ಕಸಾಯಿಖಾನೆಯವರು ದಂಡೆಗೆ ಬಂದರು, ನೀರು ಕೊಳೆತಿತು. 1811ರ ಹೊತ್ತಿಗೆ ಮಣ್ಣು ತುಂಬಿ ಮುಚ್ಚಿ ಮೇಲೆ ಮನೆ ಕಟ್ಟಿದರು. ಕೆರೆ ಮುಚ್ಚಿದ ಕತೆ ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ ಅಲ್ವಾ? ನೆಲ ಕುಸಿಯಿತು, ನೆಲಮಾಳಿಗೆಗೆ ನೀರು ಬಂತು, ಸೊಳ್ಳೆ ಬಂತು. ಇದ್ದವರು ಬಿಟ್ಟು ಹೋದರು, ಇಲ್ಲದವರು ಬಂದು ಸೇರಿದರು.

ಆದರೆ ಈ ಕೇರಿಯನ್ನು ನಮಗೆ ತೋರಿಸಿದವರು ಯಾರು? 1842ರಲ್ಲಿ ಚಾರ್ಲ್ಸ್ ಡಿಕನ್ಸ್ ಅಲ್ಲಿಗೆ ರಾತ್ರಿ ಹೊತ್ತು ಹೋದ. ಜೊತೆಗೆ ಇಬ್ಬರು ಪೊಲೀಸರು. ಬಾಗಿಲು ತಳ್ಳಿಸಿ, ಮಲಗಿದ್ದವರ ಮೇಲೆ ದೀಪ ಹಿಡಿಸಿ ನೋಡಿದ, ಆಮೇಲೆ ಬರೆದ. ಅವನ ಹಿಂದೆ ಪಾದ್ರಿಗಳು, ಪತ್ರಿಕೆಯವರು, ಮೋಜಿಗೆ ಬರುವ ಶ್ರೀಮಂತರು ಸಾಲುಗಟ್ಟಿದರು. ಅವರಲ್ಲಿ ಎಷ್ಟೋ ಜನ ಬಂದಿದ್ದು ಪೊಲೀಸರ ಬೆನ್ನ ಹಿಂದೆ. 170 ವರ್ಷದ ಮೇಲೆ ಕ್ಯಾಮೆರಾ ಕೂಡ ಅದೇ ಜಾಗದಲ್ಲಿ ನಿಂತಿದೆ, ಕಾರ್ಕೊರನ್‌ನ ಭುಜದ ಹಿಂದೆ. ಬಾಗಿಲು ತೆರೆದರೆ ಒಳಗೆ ಇರುವುದು ಕಳ್ಳ, ಸೂಳೆ, ಇಲ್ಲವೇ ಹೆಣ. ಪೊಲೀಸ್ ಯಾಕೆ ಬಾಗಿಲು ತಟ್ಟುತ್ತಾನೆ? ಏನೋ ಆದಾಗ ತಾನೆ. ಏನೂ ಆಗದ ಮನೆ ಅವನ ಡೈರಿಯಲ್ಲಿ ಇರುವುದಿಲ್ಲ.

ಆ ಏನೂ ಆಗದ ಮನೆಗಳ ಸಾಮಾನು 1991ರಲ್ಲಿ ಸಿಕ್ಕಿದವು. ಫೋಲಿ ಸ್ಕ್ವೇರ್ ಹತ್ತಿರ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಪಾಯ ತೆಗೆಯುವಾಗ ಕೆಳಗೆ ಫೈವ್ ಪಾಯಿಂಟ್ಸ್‌ನ ಹಿತ್ತಲುಗಳು ಬಂದವು. ಕಕ್ಕಸು ಗುಂಡಿಗಳೇ ಆಗ ತಿಪ್ಪೆ. ಒಡೆದದ್ದು, ಬೇಡವಾದದ್ದು ಎಲ್ಲ ಅದರೊಳಗೆ. ಎತ್ತಿದ ಸಾಮಾನಿನ ಲೆಕ್ಕ ಸುಮಾರು 8,50,000. ಪಿಂಗಾಣಿ ತಟ್ಟೆ, ಮಣ್ಣಿನ ಚುಟ್ಟಾ ಕೊಳವೆ, ಗುಂಡಿ, ಸೂಜಿ, ಮಕ್ಕಳ ಆಟಿಕೆ. ಮಾಂಸ ತಿಂದು ಬಿಸಾಡಿದ ಮೂಳೆ. ಅದರಲ್ಲಿ ಒಂದು ಟೀ ಕಪ್ಪು. ಅದರ ಮೇಲೆ ಫಾದರ್ ಮ್ಯಾಥ್ಯೂ ಅವರ ಚಿತ್ರ. ಇವರು ಕುಡಿತ ಬಿಡಿ ಅಂತ ಐರ್ಲೆಂಡ್ ಪೂರ್ತಿ ಸುತ್ತಿ, 1849ರಲ್ಲಿ ಅಮೆರಿಕಕ್ಕೂ ಬಂದ ಪಾದ್ರಿ. ಕುಡುಕರ ಕೊಂಪೆ ಅಂತ ಜಗತ್ತಿಗೆಲ್ಲ ಹೆಸರಾದ ಜಾಗದಲ್ಲಿ ಯಾರೋ ಒಬ್ಬಾಕೆ ಅಂಗಡಿಗೆ ಹೋಗಿ, ಇದ್ದ ಕಪ್ಪುಗಳಲ್ಲಿ ಇದನ್ನೇ ಆರಿಸಿ, ದುಡ್ಡು ಕೊಟ್ಟು ತಂದಿದ್ದಾಳೆ. ಗಂಡನ ಮುಂದೆ ದಿನಾ ಇಡಲು ತಂದಳೇನೋ ಅಂತ ನನ್ನ ಊಹೆ. ಅಮ್ಮನಾಗಿದ್ದರೆ ಹಾಗೇ ಮಾಡುತ್ತಿದ್ದಳು.

ಇನ್ನೊಂದು, ಬ್ಯಾಂಕಿನ ಪುಸ್ತಕಗಳು. 1850ರಲ್ಲಿ ಐರಿಶ್ ವಲಸಿಗರಿಗಾಗಿ ಒಂದು ಉಳಿತಾಯ ಬ್ಯಾಂಕ್ ಶುರುವಾಯಿತು, ಎಮಿಗ್ರಂಟ್ ಸೇವಿಂಗ್ಸ್ ಬ್ಯಾಂಕ್. ಬಂದವರಲ್ಲಿ ಎಷ್ಟೋ ಜನಕ್ಕೆ ಸಹಿ ಬರುತ್ತಿರಲಿಲ್ಲ. ಬೇರೆಯವರು ಬಂದು ದುಡ್ಡು ಹೊಡೆಯದ ಹಾಗೆ ಗುಮಾಸ್ತ ಒಂದೊಂದೇ ಕೇಳಿ ಬರೆದುಕೊಳ್ಳುತ್ತಿದ್ದ. ಹುಟ್ಟಿದ್ದು ಯಾವ ಊರು, ಅಪ್ಪ ಅಮ್ಮನ ಹೆಸರೇನು, ಯಾವ ಹಡಗಿನಲ್ಲಿ ಬಂದಿರಿ, ಮಕ್ಕಳೆಷ್ಟು. ಫೈವ್ ಪಾಯಿಂಟ್ಸ್‌ನ ಕೂಲಿಯವರು, ಬಟ್ಟೆ ಒಗೆಯುವವರು ಅದರಲ್ಲಿ ಸಾಲು ಸಾಲು ಇದ್ದಾರೆ. ಇತಿಹಾಸಕಾರರು ಲೆಕ್ಕ ತೆಗೆದು ನೋಡಿದಾಗ ಅವರ ಉಳಿತಾಯ ಯಾರೂ ಅಂದುಕೊಂಡಷ್ಟು ಚಿಲ್ಲರೆ ಆಗಿರಲಿಲ್ಲ. 23 ಕಂತಿನಲ್ಲಿ ಯಾರಾದರೂ ಬ್ಯಾಂಕಿಗೆ ದುಡ್ಡು ಕಟ್ಟಲು ಹೋಗಿದ್ದು ನನಗೆ ನೆನಪಿಲ್ಲ. ಬ್ಯಾಂಕ್ ಬಂದರೆ ದರೋಡೆಗೇ.

ಇದನ್ನು ಅಪ್ಪನಿಗೆ ಹೇಳಿದೆ. ಅವರು ಟೀವಿ ಆರಿಸಿದರು. ನಾನು ಕೇಳದೆ ಇದ್ದ ಒಂದು ವಿಷಯ ಅವತ್ತು ಹೇಳಿದರು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮೂರಾಚೆಯ ಆ ವಲಸೆಯವರ ಕೇರಿಯ ಒಬ್ಬ ಹುಡುಗ ನನ್ನ ಜೊತೆ ಓದುತ್ತಿದ್ದ. ಅವನ ಅಪ್ಪ ಕಲ್ಲು ಒಡೆಯುತ್ತಿದ್ದರು. ಊರಿನಲ್ಲಿ ಒಂದು ಮನೆ ಕಳ್ಳತನ ಆಯಿತು, ಅವರನ್ನು ಎತ್ತಿಕೊಂಡು ಬಂದರು. ಅಪ್ಪನಿಗೆ ನಾನು ರಾತ್ರಿ ಊಟದ ಕ್ಯಾರಿಯರ್ ಕೊಡಲು ಠಾಣೆಗೆ ಹೋಗುತ್ತಿದ್ದೆ. ಅವತ್ತು ಹೋದಾಗ ಆ ಹುಡುಗನ ಅಪ್ಪ ಗೋಡೆಗೆ ಒರಗಿ ಕೂತಿದ್ದರು, ಒಂದು ಕಾಲಿನ ಚಪ್ಪಲಿ ಇರಲಿಲ್ಲ. ನನ್ನ ಗುರುತು ಹಿಡಿದು ತಲೆ ತಗ್ಗಿಸಿದರು. ಆಮೇಲೆ ಆ ಹುಡುಗ ನನ್ನ ಹತ್ತಿರ ಮಾತಾಡಲಿಲ್ಲ. ಸ್ವಲ್ಪ ದಿನಕ್ಕೆ ಶೆಡ್ಡು ಕಿತ್ತು ಬೇರೆ ಊರಿಗೆ ಹೋದರು.

"ಅವ ಅಲ್ಲ ಅಂತ ನನಗ ಗೊತ್ತಿತ್ತು," ಅಂದರು ಅಪ್ಪ. "ಆ ರಾತ್ರಿ ನಾನೇ ಬೀಟ್‌ಗೆ ಹೋಗಿದ್ದೆ. ಅವ ತನ್ನ ಶೆಡ್ಡಿನ ಮುಂದ ಕುಂತು ಕೂಸಿಗೆ ಗಾಳಿ ಬೀಸಾಕತ್ತಿದ್ದ. ನೀರು ಕೊಟ್ಟ, ಕುಡದು ಬಂದೆ."

ಹೇಳಲಿಲ್ವಾ ಅಪ್ಪ?

"ಹೇಳಿದೆ. ಅವರಿಗೊಂದು ಹೆಸರು ಬೇಕಾಗಿತ್ತಪಾ. ಇವನ ಹೆಸರು ಬರ್ಯಾಕ ಹಗುರ ಇತ್ತು."

ಎದ್ದು ಗೋಡೆ ಹಿಡಿದುಕೊಂಡು ಒಳಗೆ ಹೋದರು. ಮುಂದಿನ ಮೂರು ಕಂತು ನಾನೊಬ್ಬನೇ ನೋಡಿದೆ. ನಾಲ್ಕನೇ ದಿನ ಬಂದು ಕೂತರು. "ಡಾಕ್ಟರ್ ಏನ್ ಮಾಡಿದ?" ಅಂತ ಕೇಳಿದರು.

ಈ ವರ್ಷ ತಂಗಿಯ ಮನೆಗೆ ಜರ್ಸಿ ಸಿಟಿಗೆ ಹೋಗಿದ್ದೆ. ಒಂದು ಮಧ್ಯಾಹ್ನ ಒಬ್ಬನೇ ರೈಲು ಹತ್ತಿ ನದಿ ಕೆಳಗಿನಿಂದ ಆಚೆ ನ್ಯೂಯಾರ್ಕಿಗೆ ಹೋದೆ. ಇಳಿದದ್ದು ವರ್ಲ್ಡ್ ಟ್ರೇಡ್ ಸೆಂಟರ್ ನಿಲ್ದಾಣದಲ್ಲಿ. ಫೈವ್ ಪಾಯಿಂಟ್ಸ್‌ನಲ್ಲಿ ಅಗೆದು ತೆಗೆದ ಸಾಮಾನನ್ನೆಲ್ಲ ಇಲ್ಲೇ, 6ನೇ ನಂಬರಿನ ಕಟ್ಟಡದ ನೆಲಮಾಳಿಗೆಯಲ್ಲಿ ಇಟ್ಟಿದ್ದರು. 2001ರ ಸೆಪ್ಟೆಂಬರ್ 11ರಂದು ಅದರ ಮೇಲೆ ಗೋಪುರ ಬಿತ್ತು. ಉಳಿದದ್ದು 18 ವಸ್ತುಗಳು, ಅದೂ ಬೇರೆ ಕಡೆ ಪ್ರದರ್ಶನಕ್ಕೆ ಎರವಲು ಕೊಟ್ಟಿದ್ದರಿಂದ.

ಅಲ್ಲಿಂದ ನಡೆದುಕೊಂಡು ಕೊಲಂಬಸ್ ಪಾರ್ಕಿಗೆ ಹೋದೆ. ಫೈವ್ ಪಾಯಿಂಟ್ಸ್‌ನಲ್ಲಿ ಉಳಿದಿದ್ದ ಹಳೇ ಮನೆಗಳನ್ನು ಕೆಡವಿ 1897ರಲ್ಲಿ ಮಾಡಿದ ಪಾರ್ಕು. ಒಂದು ಕಡೆ ಕೋರ್ಟು, ಇನ್ನೊಂದು ಕಡೆ ಚೈನಾಟೌನ್. ಕಲ್ಲಿನ ಮೇಜುಗಳ ಸುತ್ತ ಚೀನಾದ ಮುದುಕರು ಗುಂಪು ಕಟ್ಟಿ ಅವರ ಚದುರಂಗ ಆಡುತ್ತಿದ್ದರು. ಆಡುವವರು ಇಬ್ಬರು, ಹೇಳಿಕೊಡುವವರು ಹತ್ತು ಜನ. ಒಬ್ಬರು ಎರಡು ತಂತಿಯ ವಾದ್ಯ ನುಡಿಸುತ್ತಿದ್ದರು. ಅಲ್ಲಿಂದಲೇ ಅಪ್ಪನಿಗೆ ವಿಡಿಯೋ ಕಾಲ್ ಮಾಡಿದೆ. ಊರಲ್ಲಿ ಆಗ ರಾತ್ರಿ, ಅವರಿಗೆ ನಿದ್ದೆ ಬರುವುದಿಲ್ಲ. ಫೋನು ಸುತ್ತ ತಿರುಗಿಸಿ ತೋರಿಸಿದೆ. ನಮ್ಮ ಡಾಕ್ಟರು, ಕಾರ್ಕೊರನ್ ಓಡಾಡಿದ ಜಾಗ ಇದೇ ಅಪ್ಪ ಅಂದೆ.

"ಪೊಲೀಸ್ರು ಅದಾರೇನು ಅಲ್ಲಿ?"

ಆಗ ತಾನೇ ಒಂದು ಹೋಯಿತು ಅಂದೆ.

"ನಡಕೊಂತ ಹೋದ್ರೋ, ಗಾಡಿಯಾಗೋ?"

ಗಾಡಿಯಲ್ಲಿ.

"ಗ್ಲಾಸ್ ಇಳಿಸಿದ್ರೋ, ಏರಿಸಿದ್ರೋ?"

ನಾನು ಅದನ್ನು ನೋಡಿರಲಿಲ್ಲ.